ಒಪ್ಪಿಗೆ ಸಿಗುವವರೆಗೆ

ಶಿವನಿಯ ಗ್ರಾಮ ಪಂಚಾಯಿತಿ ಗ್ರಂಥಾಲಯದ ಬೀಗದ ಕೈ ಇಪ್ಪತ್ತೊಂದು ವರ್ಷಗಳಿಂದ ಸುಮನಾಳ ಹತ್ತಿರವೇ ಇದೆ. ಎರಡು ಕಿಟಕಿ, ನಾಲ್ಕು ಬೀರು, ಒಂದು ಉದ್ದನೆಯ ಮೇಜು ಇರುವ ಸಣ್ಣ ಕಟ್ಟಡ ಅದು. ಅಜ್ಜಂಪುರದ ಮನೆಯಿಂದ ಬೆಳಿಗ್ಗೆ ಬಸ್ಸೋ ರೈಲೋ, ಯಾವುದು ಮೊದಲು ಸಿಕ್ಕರೆ ಅದರಲ್ಲಿ ಬರುತ್ತಾಳೆ. ಬೆಳಗಿನ ಹೊತ್ತು ಪೇಪರ್ ಓದುವ ಗಂಡಸರು ಬರುತ್ತಾರೆ. ನಾಲ್ಕು ಗಂಟೆ ದಾಟಿತೆಂದರೆ ಶಾಲೆ ಬಿಟ್ಟ ಮಕ್ಕಳು ಚೀಲ ಹೊತ್ತುಕೊಂಡೇ ನುಗ್ಗುತ್ತಾರೆ. ಸುಮನಾ ಆ ಮಕ್ಕಳಿಗೆ ಪುಸ್ತಕ ಕೊಡುವುದಕ್ಕಿಂತ ಕಥೆ ಹೇಳುವುದೇ ಹೆಚ್ಚು. ಹೇಳುತ್ತ ಹೇಳುತ್ತ ಒಂದು ಕಡೆ ಸುಮ್ಮನೆ ನಿಲ್ಲಿಸಿಬಿಡುತ್ತಾಳೆ. ಮಕ್ಕಳೆಲ್ಲ ಒಟ್ಟಿಗೆ "ಆಮೇಲೆ?" ಎಂದು ಕೂಗಿದ ಮೇಲೆಯೇ ಮುಂದಕ್ಕೆ.

ಕೊರೊನಾ ಬಂದು ಗ್ರಂಥಾಲಯ ಮುಚ್ಚಿದಾಗ ಅವಳು ಮನೆಯಲ್ಲಿ ಕುಳಿತು ಕಥೆಗಳನ್ನು ಫೋನಿನಲ್ಲಿ ಹೇಳಿ ತಾಯಂದಿರ ವಾಟ್ಸಾಪಿಗೆ ಕಳಿಸತೊಡಗಿದಳು. ಅವು ಒಂದು ಫೋನಿನಿಂದ ಇನ್ನೊಂದಕ್ಕೆ ಹೋಗುತ್ತ ತರೀಕೆರೆಯ ಆಕರ್ಷ್ ಎಂಬವನ ಮನೆಗೂ ತಲುಪಿದವು. ಆಕರ್ಷ್ ಛತ್ರಗಳಿಗೆ, ಕೊಬ್ಬರಿ ಮಂಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವವನು. ಅವನ ಮಗಳು ಸುಮನಾಳ ಕಥೆ ಕೇಳದೆ ಊಟ ಮಾಡುತ್ತಿರಲಿಲ್ಲವಂತೆ. ಅದೇ ಖುಷಿಗೆ ಅವನು ಕಥೆಗಳಿಗೆಲ್ಲ ಒಂದು ವೆಬ್‌ಸೈಟ್ ಮಾಡಿಕೊಟ್ಟ. ಹೆಸರೇನು ಇಡೋಣ ಎಂದಾಗ ಸುಮನಾ ಯೋಚಿಸಲೂ ಇಲ್ಲ. "ಆಮೇಲೆ" ಎಂದಳು. ಐದು ವರ್ಷದಲ್ಲಿ ಅದರಲ್ಲಿ ಇನ್ನೂರಕ್ಕೂ ಹೆಚ್ಚು ಕಥೆಗಳು ಸೇರಿದವು. ದಿನಕ್ಕೆ ನಾನೂರು ಐನೂರು ಮಂದಿ ಕೇಳುತ್ತಿದ್ದರು.

ಊರಿನ ಮಕ್ಕಳಿಗಾಗಿ ಮಾಡಿದ್ದು ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು. ಅದು ಸುಳ್ಳಲ್ಲ. ಆದರೆ ಪ್ರತಿ ಕಥೆ ಹೇಳುವಾಗಲೂ ಅವಳ ಕಣ್ಣೆದುರು ಇರುತ್ತಿದ್ದದ್ದು ಒಂದೇ ಮುಖ.

ಸುಮನಾಳ ತಂಗಿ ಅಶ್ವಿನಿಯನ್ನು ಸಖರಾಯಪಟ್ಟಣದ ಓಂಕಾರೇಶನಿಗೆ ಕೊಟ್ಟಿತ್ತು. ಮಗು ನಿಶ್ಚಿತಾಗೆ ಹನ್ನೊಂದು ತಿಂಗಳಾಗಿದ್ದಾಗ ಅಶ್ವಿನಿ ಜ್ವರಕ್ಕೆ ಸಿಕ್ಕಿ ಒಂಬತ್ತೇ ದಿನದಲ್ಲಿ ಹೋಗಿಬಿಟ್ಟಳು. ಓಂಕಾರೇಶ ಟ್ರ್ಯಾಕ್ಟರ್ ಮಾರುವ ಕೆಲಸದಲ್ಲಿ ಊರೂರು ಅಲೆಯುವವನು. ಮಗುವನ್ನು ಎತ್ತಿಕೊಂಡು ಅಜ್ಜಂಪುರಕ್ಕೆ ಬಂದು, ಅತ್ತೆ ಕರಿಬಸಮ್ಮನ ಮಡಿಲಿಗೆ ಹಾಕಿ, "ಸ್ವಲ್ಪ ದಿನ ನೋಡ್ಕಳಿ ಅವ್ವಾ" ಎಂದು ಅತ್ತಿದ್ದ. ಆ ಸ್ವಲ್ಪ ದಿನ ಎಂಟು ವರ್ಷವಾಯಿತು. ಕರಿಬಸಮ್ಮನಿಗೆ ಆಗಲೇ ಮಂಡಿನೋವು. ಮಗುವನ್ನು ಮೀಯಿಸಿದ್ದು, ಮಲಗಿಸಿದ್ದು, ಅಕ್ಷರ ತಿದ್ದಿಸಿದ್ದು, ಜ್ವರ ಬಂದಾಗ ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದು ಎಲ್ಲ ಸುಮನಾಳೇ. ಗಂಡಿನ ಕಡೆಯವರು ತನ್ನನ್ನು ನೋಡಲು ಬಂದರೆ ಅವಳು ಮೊದಲೇ ಹೇಳಿಬಿಡುತ್ತಿದ್ದಳು: "ಮಗು ನನ್ ಜೊತೆ ಬರುತ್ತೆ." ಬಂದವರು ಕಾಫಿ ಕುಡಿದು ಹೋಗುತ್ತಿದ್ದರು. ಕೊನೆಗೆ ಬರುವುದನ್ನೇ ಬಿಟ್ಟರು. ಅವಳಿಗೆ ಅದರಿಂದ ಬೇಸರವೇನೂ ಆಗಲಿಲ್ಲ.

ನಿಶ್ಚಿತಾ ಅವಳನ್ನು "ದೊಡ್ಡವ್ವ" ಎನ್ನುತ್ತಿದ್ದಳು. ಶಾಲೆಗೆ ರಜೆಯಿದ್ದರೆ ಗ್ರಂಥಾಲಯಕ್ಕೆ ಜೊತೆಯಲ್ಲೇ ಬರುವಳು. ಸಂಜೆ ಶಿವನಿ ಸ್ಟೇಷನ್ನಿನಲ್ಲಿ ರೈಲು ತಡವಾದಾಗ ಕಲ್ಲುಬೆಂಚಿನ ಮೇಲೆ ಕುಳಿತು ಅವಳಿಗಾಗಿಯೇ ಸುಮನಾ ಒಂದು ಕಥೆ ಕಟ್ಟಿದ್ದಳು. ಟಿಕೆಟ್ಟಿಲ್ಲದೆ ರೈಲು ಹತ್ತಿದ ಒಂದು ಕುಂಟ ಮೇಕೆಯ ಕಥೆ.

ಹುಡುಗಿಗೆ ಒಂಬತ್ತಾದಾಗ ಓಂಕಾರೇಶ ಬಂದ. ಮತ್ತೆ ಮದುವೆಯಾಗಿ ಒಂದು ವರ್ಷವಾಗಿತ್ತು. ಬೇರೆ ಜಿಲ್ಲೆಯಲ್ಲಿ ಮನೆ ಮಾಡಿದ್ದ.

"ನನ್ ಮಗಳು ನನ್ ಮನೇಲಿರ್ಲಿ ಅತ್ತಿಗೆ," ಎಂದ. ಜಗಳದ ದನಿಯಲ್ಲಿ ಅಲ್ಲ, ತಲೆ ತಗ್ಗಿಸಿಕೊಂಡೇ ಹೇಳಿದ. "ನೀವ್ ಮಾಡಿದ್ದನ್ನ ಮರೆಯಲ್ಲ. ಆದ್ರೆ ಎಷ್ಟ್ ದಿನ ಅಂತ ಹೀಗೆ?"

ತಂದೆ ಅವನು. ಕರಿಬಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಕ್ಕೆ ಹೋದಳು. ನಿಶ್ಚಿತಾ ಬಾಗಿಲ ಮರೆಯಲ್ಲಿ ನಿಂತು ಕೇಳಿದಳು, "ದೊಡ್ಡವ್ವಾ, ನೀನೂ ಬತ್ತೀಯ?"

"ನೀನ್ ಹೋಗಿರು ಪುಟ್ಟಿ. ಎರಡೇ ದಿನ. ಆಮೇಲೆ ನಾನೇ ಬಂದು ಕರ್ಕೊಂಡ್ ಬತ್ತೀನಿ."

ಹುಡುಗಿ ನಂಬಿದಳು. ಎರಡು ದಿನಕ್ಕೆಂದು ಎರಡೇ ಲಂಗ ಇಟ್ಟುಕೊಂಡು ಹೊರಟಳು.

ಮೊದಲ ತಿಂಗಳು ಸುಮನಾ ದಿನವೂ ಫೋನ್ ಮಾಡಿದಳು. ಒಂದು ದಿನ ಓಂಕಾರೇಶ ಹೇಳಿದ, "ನೀವ್ ಫೋನ್ ಮಾಡಿದ್ರೆ ಅವ್ಳು ಮೂರು ದಿನ ಊಟ ಬಿಡ್ತಾಳೆ. ಅವಳ್ ಪಾಡಿಗೆ ಬಿಡಿ ಅತ್ತಿಗೆ, ಹೊಂದ್ಕೊಳ್ಲಿ." ಸುಮನಾ ವಾರಕ್ಕೊಮ್ಮೆ ಮಾಡಿದಳು, ಆಮೇಲೆ ತಿಂಗಳಿಗೊಮ್ಮೆ. ಮುಂದಿನ ಯುಗಾದಿಗೆ ಮಾಡಿದಾಗ ಆ ನಂಬರ್ ಬೇರೆ ಯಾರದೋ ಆಗಿತ್ತು. ಅವನು ಕೊಟ್ಟುಹೋಗಿದ್ದ ವಿಳಾಸಕ್ಕೆ ಬರೆದ ಕಾಗದಗಳು ತಿರುಗಿ ಬಂದವು. ಸಖರಾಯಪಟ್ಟಣಕ್ಕೆ ಹೋಗಿ ಕೇಳಿದರೆ ಓಂಕಾರೇಶನ ಪಾಲಿನ ತೋಟವೂ ಮಾರಾಟವಾಗಿತ್ತು. ಅಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹನ್ನೊಂದು ವರ್ಷಗಳು ಹೀಗೆ ಕಳೆದವು.

ವೆಬ್‌ಸೈಟ್ ಶುರುವಾದಾಗ ಸುಮನಾಗೆ ಅದರ ಒಳಗಿನ ಯಂತ್ರದ ಬಗ್ಗೆ ಏನೂ ಗೊತ್ತಿರಲಿಲ್ಲ. ಹೋದ ವರ್ಷ ಕಡೂರಿನ ರಾಧಮ್ಮ ಎಂಬ ತಾಯಿ ಫೋನ್ ಮಾಡಿ, "ನಿಮ್ ಕಥೆ ಕೇಳಿದ್ಮೇಲೆ ನನ್ ಮಗೀಗೆ ಬರೀ ಆಟದ ಸಾಮಾನಿನ ಜಾಹೀರಾತೇ ಬತ್ತಾವೆ ಕಣ್ರೀ. ಅದೆಂಗೆ ಗೊತ್ತಾಯ್ತು ಅವ್ರಿಗೆ?" ಎಂದು ಕೇಳಿದಾಗ ಗಾಬರಿಯಾಯಿತು. ಆಕರ್ಷನನ್ನು ವಿಚಾರಿಸಿದಳು. ಲೆಕ್ಕ ಇಡಲು ಸುಲಭ ಎಂದು ಅವನು ಎಲ್ಲೋ ಸಿಗುವ ಒಂದು ಸಿದ್ಧ ತಂತ್ರಾಂಶ ಜೋಡಿಸಿದ್ದ. ಯಾವ ಊರಿನಿಂದ ಬಂದರು, ಎಂಥ ಫೋನು, ಮೊದಲು ಬಂದಿದ್ದರೋ ಇಲ್ಲವೋ, ಎಷ್ಟು ಹೊತ್ತು ಇದ್ದರು ಎಂಬುದನ್ನೆಲ್ಲ ಅದು ಬರೆದಿಟ್ಟುಕೊಂಡು ತನ್ನ ಕಂಪನಿಗೂ ಕಳಿಸುತ್ತಿತ್ತು.

"ಕೇಳದೇನೇ ಬರ್ಕೊಳ್ತಿತ್ತಾ?"

"ಎಲ್ಲಾ ಸೈಟಲ್ಲೂ ಹಿಂಗೇ ಮೇಡಂ. ಈಗ ಕಾನೂನು ಬಿಗಿಯಾಗ್ತಿದೆ, ಅದ್ರಲ್ಲೂ ಮಕ್ಕಳ ವಿಷ್ಯದಲ್ಲಿ. ಸೈಟು ತೆರೆದ ಕೂಡ್ಲೇ ಒಪ್ಪಿಗೆ ಕೇಳೋ ಒಂದ್ ಪಟ್ಟಿ ಹಾಕೋಣ ಬಿಡಿ."

ಆ ಕಂಪನಿಗೆ ಕಳಿಸುವುದನ್ನು ಅವನು ಅಂದೇ ಕಿತ್ತುಹಾಕಿದ. ಆದರೆ ಅವನು ತಂದ ಒಪ್ಪಿಗೆ ಪಟ್ಟಿ ನೋಡಿ ಸುಮನಾಗೆ ಸಿಟ್ಟು ಬಂತು. 'ಎಲ್ಲ ಒಪ್ಪಿದೆ' ಎಂಬುದು ಹಸಿರು ಬಣ್ಣದಲ್ಲಿ ಅಂಗೈ ಅಗಲ ಇತ್ತು. ಬೇಡ ಎನ್ನಬೇಕಾದರೆ ಮೂರು ಕಡೆ ಒತ್ತಿ ಒಳಗೆ ಹೋಗಬೇಕಿತ್ತು. ಅವಳು ತರೀಕೆರೆಗೆ ಹೋಗಿ ಅವನ ಅಂಗಡಿಯಲ್ಲಿ ಅರ್ಧ ದಿನ ಕುಳಿತಳು. ಎರಡೂ ಗುಂಡಿ ಒಂದೇ ಅಳತೆಯದಾಗಬೇಕು, ಒಂದೇ ಬಣ್ಣದ್ದಾಗಬೇಕು ಎಂದು ಹಟ ಹಿಡಿದಳು. ಒಪ್ಪಿಗೆಯ ಮಾತನ್ನು ತಾನೇ ಬರೆದಳು:

"ಇಲ್ಲಿ ಕಥೆ ಕೇಳಲು ನಿಮ್ಮ ಹೆಸರು, ಊರು ಯಾವುದೂ ಬೇಕಿಲ್ಲ. ಎಷ್ಟು ಜನ, ಎಲ್ಲಿಂದ ಕೇಳುತ್ತಾರೆ ಎಂದು ಗೊತ್ತಾದರೆ ನಮಗೆ ಸಂತೋಷ. ಅದನ್ನು ನಮಗೆ ತಿಳಿಸಲು ಮನೆಯ ದೊಡ್ಡವರಿಗೆ ಇಷ್ಟವಿದ್ದರೆ 'ಆಗಲಿ' ಒತ್ತಿ. ಇಷ್ಟವಿಲ್ಲದಿದ್ದರೆ 'ಬೇಡ' ಒತ್ತಿ. ಬೇಡ ಎಂದವರಿಗೂ ಕಥೆ ಅಷ್ಟೇ ಪ್ರೀತಿಯಿಂದ ಹೇಳುತ್ತೇನೆ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬದಲಿಸಬಹುದು."

ಆಕರ್ಷ್ ಓದಿ ನಕ್ಕ. "ಇಷ್ಟ್ ಚೆನ್ನಾಗಿ ಬೇಡ ಅನ್ನಿ ಅಂದ್ರೆ ಎಲ್ರೂ ಬೇಡ ಅಂತಾರೆ ಮೇಡಂ."

"ಅನ್ಲಿ ಬಿಡಿ."

ಹಾಗೆಯೇ ಆಯಿತು. ಹತ್ತರಲ್ಲಿ ಏಳು ಮಂದಿ ಬೇಡ ಎಂದರು. ಅಂಥವರದು ಯಾವ ಕಥೆಯನ್ನು ಯಾವ ಹೊತ್ತಿಗೆ, ಎಲ್ಲಿಯವರೆಗೆ ಕೇಳಿದರು ಎಂಬುದು ಬಿಟ್ಟರೆ ಬೇರೇನೂ ದಾಖಲಾಗುತ್ತಿರಲಿಲ್ಲ.

ಕುಂಟ ಮೇಕೆಯ ಕಥೆಯನ್ನು ಅವಳು ಐದು ವರ್ಷವಾದರೂ ಹಾಕಿರಲಿಲ್ಲ. ಅದು ಮಗುವಿನದು, ಊರಿಗೆಲ್ಲ ಹಂಚುವುದಲ್ಲ ಅನ್ನಿಸುತ್ತಿತ್ತು. ಈ ವರ್ಷ ಜೂನ್ ತಿಂಗಳಲ್ಲಿ ನಿಶ್ಚಿತಾಗೆ ಇಪ್ಪತ್ತು ತುಂಬಿತು. ಆ ದಿನ ಸುಮನಾ ಸ್ಟೇಷನ್ನಿನ ಅದೇ ಬೆಂಚಿನ ಮೇಲೆ ಕುಳಿತು, ಫೋನನ್ನು ಬಾಯಿಯ ಹತ್ತಿರ ಹಿಡಿದು, ಹನ್ನೊಂದು ನಿಮಿಷ ಆ ಕಥೆ ಹೇಳಿದಳು. ಮಧ್ಯದಲ್ಲಿ ಗೂಡ್ಸ್ ಗಾಡಿಯೊಂದು ಹಾದುಹೋದ ಸದ್ದು ಸೇರಿಕೊಂಡಿತು. ಅದನ್ನು ತೆಗೆಯಲಿಲ್ಲ.

ಮೊದಲ ವಾರ ಬೇಕಾದಷ್ಟು ಮಕ್ಕಳು ಕೇಳಿದರು. ಹೊಸ ಕಥೆಗಳು ಬಂದಂತೆ ಅದು ಪಟ್ಟಿಯಲ್ಲಿ ಕೆಳಕ್ಕೆ ಇಳಿಯಿತು. ಮೂರನೆಯ ವಾರದಿಂದ ಸುಮನಾ ಸೈಟಿನ ಲೆಕ್ಕದ ಪುಟದಲ್ಲಿ ಒಂದು ವಿಷಯ ಗಮನಿಸಿದಳು. ಭಾನುವಾರ ಸಂಜೆ ಆರರ ಆಸುಪಾಸಿಗೆ ಯಾರೋ ಒಬ್ಬರು ಆ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತಿದ್ದರು. ಮುಂದಿನ ಭಾನುವಾರವೂ ಕೇಳಿದರು. ಅದರ ಮುಂದಿನ ಭಾನುವಾರವೂ. ಏಳು ಭಾನುವಾರ ಹೀಗೇ ಆಯಿತು. ಪ್ರತಿ ಸಲವೂ ಪಕ್ಕದಲ್ಲಿ 'ಬೇಡ' ಎಂದಿರುತ್ತಿತ್ತು.

ಯಾವುದೋ ಮನೆಯ ಮಗುವಿಗೆ ಮೇಕೆ ಇಷ್ಟವಾಗಿರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಮಕ್ಕಳಾದರೆ ವಾರಕ್ಕೊಮ್ಮೆ ಒಂದೇ ಹೊತ್ತಿಗೆ ಕೇಳುತ್ತಾರೆಯೇ? ಇಷ್ಟವಾದದ್ದನ್ನು ಒಂದೇ ದಿನದಲ್ಲಿ ಹತ್ತು ಸಲ ಕೇಳಿ ಬಿಟ್ಟುಬಿಡುತ್ತಾರೆ. ಇದು ದೊಡ್ಡವರು ಕೇಳುವ ರೀತಿ. ಹಾಸ್ಟೆಲಿನಲ್ಲಿರುವವರು, ವಾರಕ್ಕೊಮ್ಮೆ ಬಿಡುವು ಸಿಗುವವರು ಕೇಳುವ ರೀತಿ. ಹಾಗೆ ಯೋಚಿಸತೊಡಗಿದ ಮೇಲೆ ಅವಳಿಗೆ ಭಾನುವಾರ ಸಂಜೆ ಕೈಯಲ್ಲಿ ಯಾವ ಕೆಲಸವೂ ನಿಲ್ಲಲಿಲ್ಲ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋದರೂ ಫೋನಿನ ಮುಂದಿನಿಂದ ಏಳುತ್ತಿರಲಿಲ್ಲ.

ಆಕರ್ಷನಿಗೆ ಫೋನ್ ಮಾಡಿದಳು. "ಒಂದ್ ಕಥೆನ ಯಾರ್ ಕೇಳ್ತಿದಾರೆ ಅಂತ ಗೊತ್ತಾಗುತ್ತಾ?"

"'ಆಗಲಿ' ಒತ್ತಿದ್ರೆ ಊರು ಬರುತ್ತೆ. ಬೇಡ ಅಂದಿದ್ರೆ ಏನೂ ಇಲ್ಲ."

"ಬೇಡ ಅಂದೋರದ್ದೂ ನೋಡೋಕೆ ಆಗಲ್ವಾ?"

"ಆಗುತ್ತೆ. ಒಂದ್ ಸ್ವಿಚ್ ಅಷ್ಟೇ. ಆದ್ರೆ ಬೇಡ ಅಂದ್ರೆ ಬೇಡ ಅಂತ ನನ್ ಹತ್ರ ಜಗಳ ಆಡಿದ್ದು ನೀವೇ ಅಲ್ವಾ ಮೇಡಂ?"

"ಸುಮ್ನೆ ಕೇಳ್ದೆ ಬಿಡಿ," ಎಂದು ಇಟ್ಟುಬಿಟ್ಟಳು.

ಪಾಸ್‌ವರ್ಡ್ ಅವಳ ಹತ್ತಿರವೇ ಇತ್ತು. ಶನಿವಾರ ಮಧ್ಯಾಹ್ನ ಗ್ರಂಥಾಲಯದಲ್ಲಿ ಯಾರೂ ಇಲ್ಲದಾಗ ಕಂಪ್ಯೂಟರಿನಲ್ಲಿ ಒಳಗೆ ಹೋದಳು. ಅವಳಿಗೆ ಅರ್ಥವಾಗಲೆಂದು ಆಕರ್ಷ್ ಪ್ರತಿಯೊಂದರ ಮುಂದೆಯೂ ಕನ್ನಡದಲ್ಲಿ ಬರೆದಿಟ್ಟಿದ್ದ. 'ಒಪ್ಪಿಗೆ ಸಿಗುವವರೆಗೆ ಮಾಹಿತಿ ತಡೆ' ಎಂದಿತ್ತು. ಅದರ ಸ್ವಿಚ್ಚನ್ನು ಎಡಕ್ಕೆ ಸರಿಸಿದಳು. ಹೊರಗಿನ ಪುಟದಲ್ಲಿ ಏನೂ ಬದಲಾಗಲಿಲ್ಲ. 'ಆಗಲಿ', 'ಬೇಡ' ಎರಡೂ ಹಾಗೆಯೇ ಪಕ್ಕಪಕ್ಕದಲ್ಲಿ ಇದ್ದವು. ಇನ್ನು ಮೇಲೆ ಯಾವುದನ್ನು ಒತ್ತಿದರೂ ಒಂದೇ ಎಂಬುದು ಅವಳೊಬ್ಬಳಿಗೆ ಗೊತ್ತಿತ್ತು.

ಭಾನುವಾರ ಆರು ಗಂಟೆ ನಾಲ್ಕು ನಿಮಿಷಕ್ಕೆ ಆ ಸಾಲು ಬಂತು. ಊರು: ದಾವಣಗೆರೆ.

ಸುಮನಾಗೆ ಕೂತಲ್ಲಿ ಕೂರಲಾಗಲಿಲ್ಲ. ಇಷ್ಟು ಹತ್ತಿರ. ಅಜ್ಜಂಪುರದಲ್ಲಿ ರೈಲು ಹತ್ತಿದರೆ ಊಟದ ಹೊತ್ತಿಗಿಂತ ಮೊದಲೇ ಇಳಿಯುವಷ್ಟು ಹತ್ತಿರ. ಸೋಮವಾರ ರಜೆ ಹಾಕಿದಳು. ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟಳು. "ಎಲ್ಲಿಗೇ?" ಎಂದು ಕರಿಬಸಮ್ಮ ಕೇಳಿದರೆ, "ಲೈಬ್ರರಿ ಮೀಟಿಂಗು" ಎಂದಳು.

ದಾವಣಗೆರೆಯಲ್ಲಿ ಎಷ್ಟು ಕಾಲೇಜುಗಳಿವೆ ಎಂಬುದು ಅವಳಿಗೆ ಇಳಿದ ಮೇಲೆ ತಿಳಿಯಿತು. ಆಟೋದವನು ಹೆಸರು ಕೇಳಿದ. ಯಾವುದಾದರೂ ದೊಡ್ಡದಕ್ಕೆ ಎಂದಳು. ಮೊದಲ ಕಾಲೇಜಿನ ಗೇಟಿನಲ್ಲಿ ಒಂದು ಗಂಟೆ ನಿಂತಳು. ಎರಡನೆಯದರಲ್ಲಿ ಎರಡು ಗಂಟೆ. ಬಿಸಿಲಿಗೆ ಸೆರಗು ತಲೆಯ ಮೇಲೆ ಹೊದ್ದುಕೊಂಡು, ಹೊರಬರುವ ಪ್ರತಿ ಹುಡುಗಿಯ ಮುಖವನ್ನೂ ನೋಡಿದಳು. ಒಂಬತ್ತು ವರ್ಷದ ಮುಖ ಇಪ್ಪತ್ತಕ್ಕೆ ಹೇಗಾಗಿರುತ್ತದೆ? ಅಶ್ವಿನಿಯ ಹಣೆ ಬಂದಿರಬಹುದೇ? ಓಂಕಾರೇಶನ ಮೂಗು?

ಮೂರೂವರೆಯ ಹೊತ್ತಿಗೆ ಒಬ್ಬಳು ಬಂದಳು. ನೀಲಿ ಚೂಡಿದಾರ, ಒಂದು ಭುಜ ಸ್ವಲ್ಪ ಎತ್ತಿ ನಡೆಯುವ ರೀತಿ. ನಿಶ್ಚಿತಾ ಹಾಗೆಯೇ ನಡೆಯುತ್ತಿದ್ದಳು, ಶಾಲೆಯ ಚೀಲ ಜಾರದಂತೆ. ಸುಮನಾ ಹಿಂದೆ ಹೊರಟಳು. ಒಂದು ರಸ್ತೆ ದಾಟಿದಳು, ಇನ್ನೊಂದು ದಾಟಿದಳು. ಹುಡುಗಿ ಒಂದು ಸಲ ತಿರುಗಿ ನೋಡಿ ಬೇಗ ಬೇಗ ನಡೆದಳು. ಸುಮನಾಳೂ ಬೇಗ ನಡೆದಳು. ಬಸ್ ನಿಲ್ದಾಣದ ಹತ್ತಿರ ನಾಲ್ಕು ಜನ ಇರುವಲ್ಲಿಗೆ ತಲುಪಿ ಹುಡುಗಿ ತಟ್ಟನೆ ನಿಂತಳು.

"ಯಾರ್ರೀ ನೀವು? ಆಗ್ಲಿಂದ ನೋಡ್ತಿದೀನಿ, ಯಾಕ್ ನನ್ ಹಿಂದೆ ಬರ್ತಿದೀರಿ?"

ಫೋನನ್ನು ಎದೆಗೆ ಒತ್ತಿ ಹಿಡಿದಿದ್ದಳು. ಹತ್ತಿರದಿಂದ ನೋಡಿದರೆ ಯಾವ ಹೋಲಿಕೆಯೂ ಇರಲಿಲ್ಲ. ಬೇರೆ ಯಾರದೋ ಮಗಳು, ಹೆದರಿದ ಮಗಳು.

"ತಪ್ಪಾಯ್ತು ಕಣಮ್ಮ," ಎಂದಳು ಸುಮನಾ. "ನಮ್ ಹುಡ್ಗಿ ಅಂದ್ಕೊಂಡೆ."

ಹುಡುಗಿ ಸಿಕ್ಕಿದ ಬಸ್ಸು ಹತ್ತಿಬಿಟ್ಟಳು. ಅದು ಅವಳು ಹೋಗಬೇಕಾದ ಬಸ್ಸೋ ಅಲ್ಲವೋ.

ವಾಪಸ್ ರೈಲಿನಲ್ಲಿ ಸುಮನಾ ಕಿಟಕಿಯ ಪಕ್ಕ ಕುಳಿತಿದ್ದಳು. ಆ ಹುಡುಗಿಯ ಕಣ್ಣಿನ ಹೆದರಿಕೆ ಬಿಟ್ಟು ಬೇರೇನೂ ಮನಸ್ಸಿಗೆ ಬರಲಿಲ್ಲ. ಅವಳು ನಿಶ್ಚಿತಾಳೇ ಆಗಿದ್ದರೂ ಹೀಗೆಯೇ ಹೆದರುತ್ತಿದ್ದಳಲ್ಲವೇ? ಬೇಡ ಎಂದು ಏಳೆಂಟು ಸಲ ಒತ್ತಿದವಳು. ಹನ್ನೊಂದು ವರ್ಷದ ಹಿಂದೆ ದೊಡ್ಡವರೆಲ್ಲ ಸೇರಿ ಆ ಮಗುವನ್ನು ಒಂದು ಮಾತೂ ಕೇಳದೆ ಇಲ್ಲಿಂದ ಅಲ್ಲಿಗೆ ಕಳಿಸಿದ್ದರು. ಎರಡೇ ದಿನ ಎಂದು ಸುಳ್ಳು ಹೇಳಿದವಳು ತಾನು. ಈಗ ಬೇಡ ಎಂಬ ಗುಂಡಿ ಕೊಟ್ಟು, ಅದನ್ನು ಒಳಗಿನಿಂದ ಸುಳ್ಳು ಮಾಡಿದವಳೂ ತಾನೇ. ಶಿವನಿ ದಾಟುವಾಗ ಅವಳು ಅಳುತ್ತಿದ್ದಳು. ಎದುರಿಗೆ ಕುಳಿತಿದ್ದ ಹೆಂಗಸು ಕಡಲೆಕಾಯಿ ಪೊಟ್ಟಣ ಮುಂದಕ್ಕೆ ಚಾಚಿ, "ತಗಳಮ್ಮ, ಸಮಾಧಾನ ಮಾಡ್ಕಾ" ಎಂದಳು.

ಮಾರನೆಯ ದಿನ ತರೀಕೆರೆಯ ಬಸ್ಸು ಹತ್ತಿ ನೇರ ಆಕರ್ಷನ ಅಂಗಡಿಗೆ ಹೋದಳು. ಮಾಡಿದ್ದನ್ನೆಲ್ಲ ಹೇಳಿದಳು. ನಿಶ್ಚಿತಾಳ ವಿಷಯ ಅವನಿಗೆ ಹೇಳಿದ್ದೂ ಅದೇ ಮೊದಲು. ಆಕರ್ಷ್ ಬಯ್ಯಲಿಲ್ಲ. ಕುರ್ಚಿ ಎಳೆದು ಪಕ್ಕದಲ್ಲಿ ಕುಳಿತ.

"ಮೇಡಂ, ನೀವ್ ದಾವಣಗೆರೆಗೆ ಹೋಗೋಕ್ ಮುಂಚೆ ನನ್ನನ್ ಒಂದ್ ಮಾತು ಕೇಳಿದ್ರೆ ಚೆನ್ನಾಗಿತ್ತು. ಅದು ಫೋನಿರೋ ಊರಲ್ಲ. ಫೋನ್ ಕಂಪನಿ ಲೈನು ಎಲ್ಲಿಂದ ಹೊರಗ್ ಹೋಗುತ್ತೋ ಆ ಊರು. ಈಗ ನನ್ ಫೋನಿಂದ ನೋಡಿ." ತನ್ನ ಫೋನಿನಲ್ಲಿ ಸೈಟು ತೆಗೆದು ತೋರಿಸಿದ. ತರೀಕೆರೆಯಲ್ಲಿ ಕುಳಿತ ಅವನ ಫೋನಿಗೆ ಬೆಂಗಳೂರು ಎಂದು ಬಂತು. "ಅವ್ರು ದಾವಣಗೆರೇಲೂ ಇರ್ಬೋದು. ಹಾವೇರೀಲೂ ಇರ್ಬೋದು. ಇಲ್ಲೇ ಅಮೃತಾಪುರದಲ್ಲೂ ಇರ್ಬೋದು."

ಸುಮನಾ ಪರದೆಯ ಕಡೆ ಕೈ ತೋರಿಸಿ, "ಸ್ವಿಚ್ ಮೊದಲಿನಂಗೆ ಮಾಡಿ. ಈ ಮೂರ್ನಾಲ್ಕು ದಿನದ್ದು ಎಲ್ಲಾ ಅಳಿಸ್ಬಿಡಿ," ಎಂದಳು.

"ಸಾವಿರದ ಮುನ್ನೂರು ಜನದ್ದಿದೆ. ಅಳಿಸ್ತೀನಿ." ಅವನು ತಡೆದ. "ಆ ಒಂದ್ ಸಾಲು ಬೇಕಾದ್ರೆ ಬರ್ಕೊಳ್ಳಿ ಮೇಡಂ. ಯಾರಿಗೂ ಗೊತ್ತಾಗಲ್ಲ."

ಪರದೆಯ ಮೇಲೆ ಆ ಸಾಲು ಇತ್ತು. ಫೋನಿನ ಮಾದರಿ, ಹೊತ್ತು, ಊರಲ್ಲದ ಊರು. ನಿಶ್ಚಿತಾಳದ್ದೇ ಎಂದು ಹೇಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಆದರೂ ಹನ್ನೊಂದು ವರ್ಷದಲ್ಲಿ ಅವಳ ಕೈಗೆ ಸಿಕ್ಕ ಗುರುತೆಂದರೆ ಅದೊಂದೇ.

"ಅದೂ ಹೋಗ್ಲಿ," ಎಂದಳು.

ಅಷ್ಟಕ್ಕೇ ಮುಗಿಸಲು ಅವಳ ಮನಸ್ಸು ಒಪ್ಪಲಿಲ್ಲ. ಕೇಳುವವರಿಗೆ ಹೇಳಬೇಕು ಎಂದಳು. ಆಕರ್ಷ್ ಬೇಡವೆಂದ. ತಾನಾಗಿ ಹೇಳಿದರೆ ದೂರು ಬರುತ್ತದೆ, ತನ್ನ ಕೆಲಸಕ್ಕೂ ಕೆಟ್ಟ ಹೆಸರು ಎಂದ. ತಪ್ಪು ತನ್ನೊಬ್ಬಳದು, ಹಾಗೆಂದೇ ಬರೆಯುತ್ತೇನೆ ಎಂದು ಅವಳು ಒಪ್ಪಿಸಿದಳು. ಮರುದಿನದಿಂದ ಒಂದು ತಿಂಗಳು ಸೈಟಿನ ಮೊದಲ ಪುಟದಲ್ಲಿ ಈ ಮಾತುಗಳಿದ್ದವು:

"ಹೋದ ಶನಿವಾರದಿಂದ ಮಂಗಳವಾರದವರೆಗೆ, 'ಬೇಡ' ಎಂದವರ ಮಾಹಿತಿಯನ್ನೂ ನಾನು ನೋಡಿದೆ. ನನಗೆ ಬೇಕಾದ ಒಬ್ಬರನ್ನು ಹುಡುಕಲು ಹೀಗೆ ಮಾಡಿದೆ. ನಿಮಗೆ ಕೊಟ್ಟ ಮಾತನ್ನು ಮುರಿದದ್ದು ನನ್ನ ತಪ್ಪು. ಅದನ್ನೆಲ್ಲ ಅಳಿಸಿದ್ದೇವೆ. ಇನ್ನು ಹಾಗೆ ಮಾಡುವುದಿಲ್ಲ. ಬಯ್ಯಬೇಕೆನಿಸಿದರೆ ನನ್ನ ಫೋನ್ ನಂಬರ್ ಇಲ್ಲಿದೆ. ಬರೆಯಬೇಕೆನಿಸಿದರೆ ಕೆಳಗೆ ಜಾಗವಿದೆ. ಹೆಸರು ಹಾಕಬೇಕಾಗಿಲ್ಲ. – ಸುಮನಾ."

ಬಯ್ಯುವವರು ಬೈದರು. ಅಮೃತಾಪುರದಿಂದ ಒಬ್ಬ ತಾಯಿ ಫೋನ್ ಮಾಡಿ, "ನನ್ ಮಗನ ಫೋಟೋ ಗೀಟೋ ಏನಾದ್ರೂ ತಗಂಡಿದೀರಾ?" ಎಂದು ಕೂಗಾಡಿದಳು.

"ಇಲ್ಲ ತಾಯಿ. ಯಾವ್ ಫೋನು, ಯಾವ ಊರು ಅಷ್ಟೇ ಇತ್ತು. ಅದೂ ಹೋಯ್ತು. ನಂದೇ ತಪ್ಪು."

ಆ ಕಡೆಯವಳ ದನಿ ಇಳಿಯಿತು. "ಯಾರನ್ ಹುಡುಕ್ತಿದ್ರಿ?" ಎಂದು ಕೇಳಿದಳು.

"ಸಾಕಿದ್ ಮಗಳನ್ನ."

"ಸಿಕ್ಕಿದ್ಲಾ?"

"ಇಲ್ಲ."

"ಹೋಗ್ಲಿ ಬಿಡಿ," ಎಂದು ಅವಳು ಫೋನ್ ಇಟ್ಟಳು.

ಆ ಭಾನುವಾರ ಆರು ಗಂಟೆಗೆ ಕುಂಟ ಮೇಕೆಯ ಕಥೆಯನ್ನು ಯಾರೂ ಕೇಳಲಿಲ್ಲ. ಮರುವಾರವೂ ಇಲ್ಲ. ಮೂರನೆಯ ಭಾನುವಾರ, ನಾಲ್ಕನೆಯ ಭಾನುವಾರ, ಎರಡೂ ಖಾಲಿ. ಸುಮನಾ ದಿನವೂ ಮಕ್ಕಳಿಗೆ ಕಥೆ ಹೇಳುತ್ತಲೇ ಇದ್ದಳು. ಆದರೆ ನಡುವೆ ನಿಲ್ಲಿಸಿದಾಗ ಮಕ್ಕಳು "ಆಮೇಲೆ?" ಎಂದು ಕೂಗಿದರೆ, ಮುಂದೇನು ಎಂಬುದು ಅವಳಿಗೇ ಮರೆತುಹೋಗುತ್ತಿತ್ತು. ಇದ್ದ ಒಂದು ದಾರಿಯನ್ನೂ ಕೈಯಾರೆ ಮುಚ್ಚಿಕೊಂಡೆ ಅನ್ನಿಸಿತು. ತಪ್ಪೊಪ್ಪಿಗೆ ಹಾಕದಿದ್ದರೆ ಅವಳು ಬರುತ್ತಲೇ ಇರುತ್ತಿದ್ದಳೇನೋ ಎಂದೂ ಒಮ್ಮೊಮ್ಮೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು.

ಐದನೆಯ ವಾರ, ಒಂದು ಬುಧವಾರ ಬೆಳಿಗ್ಗೆ, ಪೇಪರ್‌ಗಳಿಗೆ ಮೊಹರು ಒತ್ತುತ್ತಿದ್ದಾಗ ಫೋನು ಸದ್ದು ಮಾಡಿತು. ಸೈಟಿನಲ್ಲಿ ಯಾರೋ ಬರೆದಿದ್ದರು. ಹೆಸರಿರಲಿಲ್ಲ.

"ದೊಡ್ಡವ್ವ, ನೀವು ಬರೆದದ್ದು ಓದಿದೆ. ಓದಿ ಮೊದಲು ಕೋಪ ಬಂತು. ನಾನು ಚೆನ್ನಾಗಿದ್ದೇನೆ. ಓದುತ್ತಿದ್ದೇನೆ. ನಿಮ್ಮ ದನಿ ಕೇಳಿದರೆ ಮನಸ್ಸಿಗೆ ಹಿತವಾಗುತ್ತದೆ, ಆದರೆ ಎಲ್ಲ ನೆನಪಾಗುತ್ತದೆ. ಎರಡು ದಿನ ಅಂದಿದ್ದಿರಿ. ಈಗ ಹುಡುಕಬೇಡಿ. ನನಗೆ ಆಗುತ್ತದೆ ಅನ್ನಿಸಿದಾಗ ನಾನೇ ಹೇಳುತ್ತೇನೆ. ಅಲ್ಲಿಯವರೆಗೆ ಕೇಳುತ್ತಿರುತ್ತೇನೆ."

ಪೇಪರ್ ಓದುತ್ತಿದ್ದ ನಂಜುಂಡಪ್ಪ ತಲೆಯೆತ್ತಿ, "ಏನಾಯ್ತು ಸುಮನಕ್ಕ?" ಎಂದರು. ಅವಳು ಏನೂ ಇಲ್ಲವೆಂದು ತಲೆಯಾಡಿಸಿ ಬೀರುಗಳ ಹಿಂದಕ್ಕೆ ಹೋದಳು. ಅಲ್ಲಿ ನಿಂತು ಎಷ್ಟು ಸಲ ಓದಿದಳೋ. ಅವಳು ಬದುಕಿದ್ದಾಳೆ, ಓದುತ್ತಿದ್ದಾಳೆ, ತನ್ನ ದನಿ ಕೇಳಿದ್ದಾಳೆ. ಆದರೆ ಅದೇ ಹೊತ್ತಿಗೆ ಒಂದು ಸಣ್ಣ ಮಾತು ಚುಚ್ಚುತ್ತಿತ್ತು. ಹುಡುಕಬೇಡಿ. ಅಂದಿದ್ದಿರಿ. "ನೀನೂ ಬತ್ತೀಯ?" ಎಂದು ಕೇಳಿದ್ದ ಬಾಯಿಗೆ ಈಗ ದೊಡ್ಡವ್ವ 'ನೀವು' ಆಗಿದ್ದಳು. ಹನ್ನೊಂದು ವರ್ಷ ಎಷ್ಟು ಉದ್ದ ಎಂಬುದು ಅವಳಿಗೆ ಅದರಲ್ಲಿ ತಿಳಿಯಿತು.

ಸಂಜೆ ಮನೆಗೆ ಬಂದು ತಾಯಿಗೆ ಓದಿ ಹೇಳಿದಳು. ಎಪ್ಪತ್ತೆಂಟರ ಕರಿಬಸಮ್ಮ ಮಂಚದ ಮೇಲೆ ಎದ್ದು ಕುಳಿತಳು.

"ಎಲ್ಲಿಂದ ಬರ್ದವ್ಳೆ? ನೋಡೇ! ನಿನ್ನ ಕಂಪ್ಯೂಟರ್ನೋನಿಗೆ ಹೇಳಿ ನೋಡ್ಸೇ!"

"ನೋಡೋದಿಲ್ಲ ಅಂತ ಬರ್ಕೊಟ್ಟಿದೀನಿ ಅವ್ವ."

"ಬರ್ಕೊಟ್ರೆ ಏನಾಯ್ತು? ನಮ್ ಮಗು ಕಣೇ ಅದು."

"ಹುಡುಕಬೇಡಿ ಅಂದಿದಾಳಲ್ಲ."

"ಅಂತಾಳೆ, ಸಿಟ್ಟಲ್ಲಿ. ನಂಗೆಷ್ಟ್ ದಿನ ಐತೆ? ನೀನ್ ಕಾಯ್ತೀಯ, ನಾನ್ ಕಾಯಕ್ಕಾಗ್ತದಾ?" ಕರಿಬಸಮ್ಮ ಅತ್ತಳು. ಸುಮನಾ ತಾಯಿಯ ಪಾದ ತೊಡೆಯ ಮೇಲಿಟ್ಟುಕೊಂಡು ಮಂಡಿಗೆ ಎಣ್ಣೆ ಹಚ್ಚತೊಡಗಿದಳು.

ಸ್ವಲ್ಪ ಹೊತ್ತಿನ ಮೇಲೆ ಮುದುಕಿ ಕಣ್ಣೊರೆಸಿಕೊಂಡು, "ಅವಳಿಗ್ ಕಥೆ ಬೇಕಂತಾ?" ಎಂದಳು.

"ಹೂಂ. ಕೇಳ್ತಿರ್ತೀನಿ ಅಂದಿದಾಳೆ."

"ಹಂಗಾರೆ ನಾನೂ ಒಂದ್ ಹೇಳ್ತೀನಿ. ನಂದೂ ಹಾಕ್ತೀಯಾ?"

"ಹಾಕ್ತೀನಿ. ಆದ್ರೆ ಅವಳ್ ಹೆಸರು ಹೇಳ್ಬಾರ್ದು ಅವ್ವ. ಊರೋರೆಲ್ಲಾ ಕೇಳೋ ಜಾಗ. ಅವಳಿಗೆ ಇಷ್ಟ ಆಗಲ್ಲ."

ಭಾನುವಾರ ಬೆಳಿಗ್ಗೆ ಸುಮನಾ ಫೋನು ಹಿಡಿದಳು. ಕರಿಬಸಮ್ಮ ತಲೆ ಬಾಚಿಸಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು, ಯಾರೋ ಎದುರಿಗೆ ಕುಳಿತಿದ್ದಾರೆಂಬಂತೆ ಸೆರಗು ಸರಿಮಾಡಿಕೊಂಡಳು. ರಾಗಿ ಕಾಳು ಕದ್ದ ಇರುವೆಯ ಕಥೆ ಶುರುಮಾಡಿದಳು. ಎರಡು ಸಲ ದಾರಿ ತಪ್ಪಿ ಬೇರೆ ಕಥೆಯೊಳಕ್ಕೆ ಹೋದಳು. ಒಂದು ಸಲ "ಪುಟ್ಟಿ" ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು. ಎಲ್ಲ ಪುಟ್ಟಿಯರಿಗೂ ಅದು ಹೆಸರೇ ತಾನೇ ಎಂದು ಸುಮನಾ ಅದನ್ನು ಹಾಗೆಯೇ ಬಿಟ್ಟಳು.

ಅದಾಗಿ ನಾಲ್ಕು ತಿಂಗಳಾಯಿತು. ಮತ್ತೆ ಯಾವ ಬರಹವೂ ಬಂದಿಲ್ಲ. ಮುದುಕಿಯ ಕಥೆಯನ್ನು ದಿನಕ್ಕೆ ಏಳೆಂಟು ಮಂದಿ ಕೇಳುತ್ತಾರೆ. ಅವರಲ್ಲಿ ಹೆಚ್ಚಿನವರು ಬೇಡ ಎಂದೇ ಒತ್ತುತ್ತಾರೆ. ಭಾನುವಾರ ಸಂಜೆ ಕರಿಬಸಮ್ಮ ಮಂಚದಿಂದಲೇ ಕೇಳುತ್ತಾಳೆ, "ಇವತ್ ಯಾರಾದ್ರೂ ಕೇಳಿದ್ರೇನೇ?"

"ಮೂರ್ ಜನ ಕೇಳವ್ರೆ ಅವ್ವ."

"ಯಾರಂತೆ?"

"ಗೊತ್ತಿಲ್ಲ," ಎಂದು ಸುಮನಾ ದೀಪ ಹಚ್ಚಲು ಏಳುತ್ತಾಳೆ.